ವಿಮರ್ಶೆ ಓದಿ ಟಿಕೆಟ್ ತೆಗೆಯುವವರು ಯಾರು?

ಶುಕ್ರವಾರ ಮಧ್ಯಾಹ್ನದ ಶೋ ಬಿಟ್ಟಿದೆ. ಮಂಗಳೂರಿನ ಮಾಲೊಂದರ ಮೇಲಿನ ಮಹಡಿ. ಜನ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಹೊರಗೆ ಬರುತ್ತಿದ್ದಾರೆ. ಮುಂದಿನ ಶೋಗೆ ಕಾಯುತ್ತಿರುವ ಹೆಂಗಸೊಬ್ಬರು ಗುರುತಿಲ್ಲದವರನ್ನೇ ನಿಲ್ಲಿಸಿ ಕೇಳುತ್ತಾರೆ: "ಹೇಗುಂಟು ಮಾರಾಯ್ರೆ ಪಿಚ್ಚರ್?" ಉತ್ತರ ಕೂಡಲೇ ಬರುತ್ತದೆ: "ಅಡ್ಡಿ ಇಲ್ಲ. ಇಂಟರ್‌ವಲ್ ಆದ ಮೇಲೆ ಸ್ವಲ್ಪ ಎಳ್ದಿದ್ದಾರೆ. ಮಕ್ಕಳನ್ನು ಕರ್ಕೊಂಡು ಹೋಗ್ಬಹುದು." ಕಥೆ ಬಿಟ್ಟುಕೊಟ್ಟಿಲ್ಲ, ಕೊರತೆ ಮುಚ್ಚಿಟ್ಟಿಲ್ಲ, ಯಾರಿಗೆ ಆದೀತು ಅಂತಲೂ ಹೇಳಿ ಆಯಿತು. ಪತ್ರಿಕೆಯಲ್ಲಿ ವಿಮರ್ಶೆ ಬರುವುದು ಮರುದಿನ ಬೆಳಗ್ಗೆ.

ಹಾಗಾದರೆ ಆ ಮರುದಿನದ ವಿಮರ್ಶೆಗೆ ಬೆಲೆ ಎಷ್ಟು? "ಅದನ್ನು ಯಾರು ಓದ್ತಾರೆ ಬಿಡಿ" ಎನ್ನುವವರು ಇದ್ದಾರೆ. "ಒಂದು ವಿಮರ್ಶೆಯಿಂದ ನಮ್ಮ ಸಿನಿಮಾ ಮುಳುಗಿತು" ಎಂದು ಕಣ್ಣೀರು ಹಾಕುವ ನಿರ್ಮಾಪಕರೂ ಇದ್ದಾರೆ. ಎರಡೂ ಒಟ್ಟಿಗೆ ಸರಿ ಇರಲು ಸಾಧ್ಯ ಇಲ್ಲ, ಅಲ್ವಾ? ಅರ್ಥಶಾಸ್ತ್ರದವರೂ ಮಾರುಕಟ್ಟೆ ಅಧ್ಯಯನ ಮಾಡುವವರೂ ಈ ಪ್ರಶ್ನೆಯ ಹಿಂದೆ ಬಹಳ ವರ್ಷದಿಂದ ಬಿದ್ದಿದ್ದಾರೆ. ಅವರು ಕಂಡುಕೊಂಡದ್ದಕ್ಕಿಂತ, ಅದನ್ನು ಕಂಡುಹಿಡಿಯಲು ಹೂಡಿದ ಉಪಾಯಗಳೇ ನನಗೆ ಹೆಚ್ಚು ಇಷ್ಟ.

ಮೊದಲ ತೊಡಕು ಇದು. ಒಳ್ಳೆಯ ವಿಮರ್ಶೆ ಪಡೆದ ಸಿನಿಮಾ ಚೆನ್ನಾಗಿ ಓಡಿತು ಎಂದಿಟ್ಟುಕೊಳ್ಳಿ. ಓಡಿಸಿದ್ದು ವಿಮರ್ಶೆಯೋ, ಸಿನಿಮಾವೋ? ಚೆನ್ನಾಗಿರುವ ಸಿನಿಮಾ ವಿಮರ್ಶಕರಿಗೂ ಹಿಡಿಸುತ್ತದೆ, ಪಕ್ಕದ ಸೀಟಿನವರಿಗೂ ಹಿಡಿಸುತ್ತದೆ. ಹವಾಮಾನ ಇಲಾಖೆ ಮಳೆ ಬರುತ್ತದೆ ಎಂದಿತು, ಮಳೆ ಬಂತು. ಇಲಾಖೆ ಹೇಳಿದ್ದಕ್ಕೆ ಮಳೆ ಬಂದದ್ದಲ್ಲ.

1997ರಲ್ಲಿ ಅಮೆರಿಕದ ಜೆಹೋಷುವಾ ಎಲಿಯಾಶ್‌ಬರ್ಗ್ ಮತ್ತು ಸ್ಟೀವನ್ ಶುಗನ್ ಈ ಗಂಟು ಬಿಡಿಸಲು ಹೊರಟರು. ಅವರ ತರ್ಕ ಸರಳ. ವಿಮರ್ಶೆ ನಿಜಕ್ಕೂ ಜನರನ್ನು ಎಳೆದು ತರುವುದಾದರೆ, ಅದರ ಪರಿಣಾಮ ಮೊದಲ ವಾರವೇ ಕಾಣಬೇಕು. ಆಗ ನೋಡಿದವರು ಕಡಿಮೆ, ಬಾಯಿಂದ ಬಾಯಿಗೆ ಮಾತು ಇನ್ನೂ ಹರಡಿರುವುದಿಲ್ಲ. ಲೆಕ್ಕ ಹಾಕಿದಾಗ ಬಂದದ್ದು ಉಲ್ಟಾ. ಆರಂಭದ ಕಲೆಕ್ಷನ್ನಿಗೂ ವಿಮರ್ಶೆಗೂ ಹೇಳಿಕೊಳ್ಳುವಂಥ ನಂಟು ಸಿಗಲಿಲ್ಲ. ನಂತರದ ವಾರಗಳ ಕಲೆಕ್ಷನ್ ಮತ್ತು ಒಟ್ಟು ಗಳಿಕೆಯ ಜೊತೆ ಮಾತ್ರ ನಂಟು ಚೆನ್ನಾಗಿತ್ತು. ಅಂದರೆ ವಿಮರ್ಶಕರು ಜನರನ್ನು ನಡೆಸುವವರಿಗಿಂತ ಜನರ ರುಚಿಯನ್ನು ಮೊದಲೇ ಊಹಿಸುವವರು ಎಂದು ಅವರು ಬರೆದರು.

ಆರು ವರ್ಷದ ನಂತರ, 2003ರಲ್ಲಿ, ಸುಮನ್ ಬಸುರಾಯ್ ಮತ್ತು ಜೊತೆಗಾರರು ಅದನ್ನೇ ಮತ್ತೆ ನೋಡಿದರು. ಅವರಿಗೆ ಬಿಡುಗಡೆಯ ನಂತರದ ಎಂಟು ವಾರವೂ ವಿಮರ್ಶೆಗೂ ಕಲೆಕ್ಷನ್ನಿಗೂ ನಂಟು ಕಂಡಿತು. ಜೊತೆಗೆ ಇನ್ನೊಂದು ವಿಷಯ: ಮೊದಲ ವಾರದಲ್ಲಿ ಒಳ್ಳೆಯ ವಿಮರ್ಶೆ ಮಾಡುವ ಲಾಭಕ್ಕಿಂತ ಕೆಟ್ಟ ವಿಮರ್ಶೆ ಮಾಡುವ ನಷ್ಟ ಜಾಸ್ತಿ. ದೊಡ್ಡ ನಟರು, ದೊಡ್ಡ ಬಜೆಟ್ ಇದ್ದರೆ ಆ ಪೆಟ್ಟು ಅಷ್ಟಾಗಿ ತಾಗುವುದಿಲ್ಲ. ಇದು ನಮಗೂ ಹೊಸತಲ್ಲ. ಕರಾವಳಿಯಲ್ಲಿ ಕಟೌಟಿಗೆ ಹಾಲೆರೆಯುವ ಗದ್ದಲ ಬೆಂಗಳೂರು, ಮಂಡ್ಯದಷ್ಟು ಇಲ್ಲದಿರಬಹುದು. ಆದರೂ ಸ್ಟಾರ್ ನಟರ ಸಿನಿಮಾದ ಮೊದಲ ದಿನದ ಟಿಕೆಟ್ ಬುಕ್ ಆಗುವುದು ವಿಮರ್ಶೆ ಬರೆಯುವ ಮೊದಲೇ.

ನನಗೆ ತುಂಬಾ ಹಿಡಿಸಿದ ಉಪಾಯ ಡೇವಿಡ್ ರೀನ್‌ಸ್ಟೀನ್ ಮತ್ತು ಕ್ರಿಸ್ಟೋಫರ್ ಸ್ನೈಡರ್ ಅವರದು. ಅಮೆರಿಕದಲ್ಲಿ ಜೀನ್ ಸಿಸ್ಕೆಲ್ ಮತ್ತು ರೋಜರ್ ಈಬರ್ಟ್ ಎಂಬ ಇಬ್ಬರು ವಿಮರ್ಶಕರಿದ್ದರು. ಇಬ್ಬರೂ ಶಿಕಾಗೋದ ಎದುರಾಳಿ ಪತ್ರಿಕೆಗಳವರು. ಟಿವಿಯಲ್ಲಿ ಒಟ್ಟಿಗೆ ಕೂತು, ವಾದ ಮಾಡಿ, ಕೊನೆಗೆ ಹೆಬ್ಬೆರಳು ಮೇಲೋ ಕೆಳಗೋ ತೋರಿಸುತ್ತಿದ್ದರು. ಅವರ ಮಾತಿಗೆ ದೇಶವೇ ಕಿವಿಗೊಡುತ್ತಿತ್ತು. ಸಂಶೋಧಕರ ಕಣ್ಣಿಗೆ ಬಿದ್ದದ್ದು ಒಂದು ಸಣ್ಣ ಸಂಗತಿ. ಕೆಲವು ಸಿನಿಮಾಗಳ ವಿಮರ್ಶೆ ಮೊದಲ ವಾರಾಂತ್ಯಕ್ಕೆ ಮುಂಚೆ ಪ್ರಸಾರ ಆಗುತ್ತಿತ್ತು. ಇನ್ನು ಕೆಲವು ಸಿನಿಮಾಗಳದ್ದು ಆ ವಾರಾಂತ್ಯ ಕಳೆದ ಮೇಲೆ.

ಇಲ್ಲೇ ಇರುವುದು ಜಾಣತನ. ತಡವಾಗಿ ಬಂದ ವಿಮರ್ಶೆ ಮೊದಲ ವಾರಾಂತ್ಯದ ಟಿಕೆಟ್ ಮಾರಾಟವನ್ನು ಬದಲಿಸಲು ಸಾಧ್ಯವೇ ಇಲ್ಲ. ಆದರೂ ಹೆಬ್ಬೆರಳು ಮೇಲಿದ್ದ ಸಿನಿಮಾಗಳು ಆ ವಾರಾಂತ್ಯದಲ್ಲಿ ಜಾಸ್ತಿ ಓಡಿದ್ದರೆ, ಅದು ಸಿನಿಮಾದ ಸ್ವಂತ ಬಲ. ಮೊದಲೇ ಬಂದ ವಿಮರ್ಶೆಗಳಲ್ಲಿ ಕಾಣುವ ವ್ಯತ್ಯಾಸದಿಂದ ಈ ಸ್ವಂತ ಬಲವನ್ನು ಕಳೆಯಿರಿ. ಉಳಿದದ್ದು ವಿಮರ್ಶಕರ ನಿಜವಾದ ಪ್ರಭಾವ. 2005ರಲ್ಲಿ ಅಚ್ಚಾದ ಅವರ ಲೆಕ್ಕದಲ್ಲಿ, ಹೀಗೆ ಕಳೆದ ಮೇಲೆ ಉಳಿದ ಪ್ರಭಾವ ಮೊದಲಿಗೆ ಕಂಡದ್ದಕ್ಕಿಂತ ಚಿಕ್ಕದು. ಆದರೆ ಸೊನ್ನೆ ಅಲ್ಲ. ಎರಡು ಬಗೆಯ ಸಿನಿಮಾಗಳಲ್ಲಂತೂ ಒಳ್ಳೆಯ ವಿಮರ್ಶೆ ದೊಡ್ಡ ಕೆಲಸ ಮಾಡಿತ್ತು. ಒಂದು, ಗಂಭೀರ ಕಥೆಯ ಸಿನಿಮಾ. ಇನ್ನೊಂದು, ಕೆಲವೇ ಥಿಯೇಟರ್‌ಗಳಲ್ಲಿ ಬಿಡುಗಡೆಯಾದ ಸಿನಿಮಾ.

ಈ ಕೊನೆಯ ಮಾತು ನಮ್ಮ ಊರಿಗೆ ನೇರವಾಗಿ ತಾಗುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ವಿಮರ್ಶಕರಿಗೆ ಮೊದಲೇ ತೋರಿಸದೆ ಸಿನಿಮಾ ಬಿಡುಗಡೆ ಮಾಡಿದರೆ? ಅಮೆರಿಕದಲ್ಲಿ 2000ದಿಂದ 2009ರವರೆಗಿನ ಸಿನಿಮಾಗಳನ್ನು ನೋಡಿದ ಅಧ್ಯಯನವೊಂದು, ಹಾಗೆ ಬಚ್ಚಿಟ್ಟ ಸಿನಿಮಾಗಳು ಅದೇ ಮಟ್ಟದ ಬೇರೆ ಸಿನಿಮಾಗಳಿಗಿಂತ ಅಲ್ಲಿ ಸುಮಾರು 10ರಿಂದ 30 ಶೇಕಡಾ ಜಾಸ್ತಿ ಗಳಿಸಿದವು ಎನ್ನುತ್ತದೆ. "ತೋರಿಸಿಲ್ಲ ಅಂದರೆ ಏನೋ ಕೊರತೆ ಇದೆ" ಎಂದು ಪ್ರೇಕ್ಷಕರು ಲೆಕ್ಕ ಹಾಕಬೇಕಿತ್ತು. ತುಂಬಾ ಜನ ಹಾಕಲಿಲ್ಲ. ಇದು ಪ್ರೇಕ್ಷಕರಿಗೆ ಆಗುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಈಗ ಮಾಲ್‌ನ ಆ "ಅಡ್ಡಿ ಇಲ್ಲ" ಎಂಬ ಮಾತಿನ ಬಲ ಎಷ್ಟು ನೋಡೋಣ. ಅದನ್ನು ಅಳೆಯುವುದು ಇನ್ನೂ ಕಷ್ಟ. ಮೊದಲ ವಾರ ಜನ ಜಾಸ್ತಿ ಬಂದ ಸಿನಿಮಾಕ್ಕೆ ಎರಡನೇ ವಾರವೂ ಜನ ಬರುತ್ತಾರೆ. ಮಾತು ಹರಡಿದ್ದಕ್ಕೋ, ಸಿನಿಮಾ ಚೆನ್ನಾಗಿದ್ದಕ್ಕೋ? ಡಂಕನ್ ಗಿಲ್‌ಕ್ರಿಸ್ಟ್ ಮತ್ತು ಎಮಿಲಿ ಸ್ಯಾಂಡ್ಸ್ ಇದಕ್ಕೆ ಆಕಾಶ ನೋಡಿದರು. 2016ರಲ್ಲಿ ಅವರ ಪ್ರಬಂಧ ಬಂತು. ಹವೆ ಚೆನ್ನಾಗಿದ್ದರೆ ಜನ ಹೊರಗೆ ತಿರುಗಾಡಲು ಹೋಗುತ್ತಾರೆ, ಇಲ್ಲದಿದ್ದರೆ ಥಿಯೇಟರ್ ಹೊಕ್ಕುತ್ತಾರೆ. ಹವೆಗೂ ಸಿನಿಮಾದ ಗುಣಕ್ಕೂ ಸಂಬಂಧವೇ ಇಲ್ಲ. ಹಾಗಾಗಿ ಬರೀ ಹವೆಯ ದೆಸೆಯಿಂದ ಮೊದಲ ವಾರಾಂತ್ಯದಲ್ಲಿ ಜಾಸ್ತಿ ಬಂದ ಜನರನ್ನು ಬೇರೆ ಮಾಡಿ, ನಂತರದ ವಾರಗಳಲ್ಲಿ ಏನಾಯಿತು ಎಂದು ನೋಡಬಹುದು.

ಕಂಡದ್ದು ಅಚ್ಚರಿ. ಹವೆಯಿಂದಾಗಿ ಮೊದಲ ವಾರಾಂತ್ಯಕ್ಕೆ ನೂರು ಜನ ಜಾಸ್ತಿ ಬಂದಿದ್ದರೆ, ಮುಂದಿನ ಐದು ವಾರಾಂತ್ಯಗಳಲ್ಲಿ ಹೆಚ್ಚುಕಡಿಮೆ ಇನ್ನೂ ನೂರು ಜನ ಜಾಸ್ತಿ ಬಂದರು. ಈ ಏರಿಕೆ ಆಯಾ ಊರಿನೊಳಗೇ ನಡೆಯಿತು, ದೂರದ ಊರಿಗೆ ದಾಟಲಿಲ್ಲ. ಸಿನಿಮಾ ಒಳ್ಳೆಯದೋ ಕೆಟ್ಟದ್ದೋ ಎಂಬುದರಿಂದಲೂ ಏರಿಕೆ ಬದಲಾಗಲಿಲ್ಲ. "ಚೆನ್ನಾಗಿದೆಯಂತೆ" ಎಂಬ ಸುದ್ದಿ ಮಾತ್ರ ಕೆಲಸ ಮಾಡಿದ್ದರೆ ಒಳ್ಳೆಯ ಸಿನಿಮಾಗಳಷ್ಟೇ ಏರಬೇಕಿತ್ತು. ಹಾಗಾಗಲಿಲ್ಲ ಎಂದರೆ ಬೇರೆ ಏನೋ ಇದೆ. ಆಫೀಸಿನಲ್ಲಿ ನಾಲ್ವರು ಒಂದು ಸಿನಿಮಾದ ಬಗ್ಗೆ ಮಾತಾಡುತ್ತಿದ್ದರೆ ಐದನೆಯವರಿಗೂ ಅದನ್ನು ನೋಡಬೇಕು ಅನಿಸುತ್ತದೆ. ಮಾತಿಗೆ ಸೇರಿಕೊಳ್ಳಬೇಕಲ್ಲ!

ನಮ್ಮಲ್ಲಿ ಈ ಲೆಕ್ಕ ಮಾಡಬೇಕಾದರೆ ಜಾಗ್ರತೆ ಬೇಕು. ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳಿಗೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುತ್ತದೆ. ಆಟಿಯಲ್ಲಿ ಮಳೆ ಬಂದರೆ ಅದರಲ್ಲಿ ಎಂತ ವಿಶೇಷ? ಇಲ್ಲಿ ಅನಿರೀಕ್ಷಿತ ಎಂದರೆ ಜುಲೈ ಶನಿವಾರ ಒಮ್ಮೆಲೇ ಬಿಸಿಲು ಬಿದ್ದು, ಜನ ಪಣಂಬೂರು ಬೀಚಿಗೋ ಮಲ್ಪೆ ಬೀಚಿಗೋ ಹೋಗುವುದು. ಜೋರು ಮಳೆಗೆ ಪಂಪ್‌ವೆಲ್‌ನಲ್ಲಿ ನೀರು ನಿಂತರೆ ಜನ ಥಿಯೇಟರಿಗೂ ಬರುವುದಿಲ್ಲ. ಅಮೆರಿಕದ ಸೂತ್ರವನ್ನು ಹಾಗೇ ಎತ್ತಿ ಇಲ್ಲಿಗೆ ಹಾಕಲು ಆಗದು.

ಊರಿನ ಮಾತಿನ ಜಾಗಕ್ಕೆ ಈಗ ಆ್ಯಪ್‌ಗಳ ರೇಟಿಂಗ್ ಬಂದು ಕೂತಿದೆ. ಬೇರೆಯವರ ಆಯ್ಕೆ ಕಂಡರೆ ನಮ್ಮ ಆಯ್ಕೆ ಬದಲಾಗುತ್ತದೆಯೇ ಎಂದು ನೋಡಲು 2006ರಲ್ಲಿ ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್ ಮತ್ತು ಡಂಕನ್ ವಾಟ್ಸ್ ಹೆಸರೇ ಕೇಳದ ತಂಡಗಳ 48 ಹಾಡುಗಳನ್ನು ಅಂತರ್ಜಾಲದಲ್ಲಿ ಇಟ್ಟರು. 14 ಸಾವಿರಕ್ಕೂ ಹೆಚ್ಚು ಜನ ಬಂದರು. ಕೆಲವರಿಗೆ ಹಾಡುಗಳು ಮಾತ್ರ ಕಂಡವು. ಉಳಿದವರನ್ನು ಎಂಟು ಗುಂಪು ಮಾಡಿ, ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡಿದ್ದಾರೆ ಎಂದು ತೋರಿಸಿದರು. ಅದೇ 48 ಹಾಡು, ಆದರೆ ಗುಂಪಿನಿಂದ ಗುಂಪಿಗೆ ಗೆದ್ದ ಹಾಡುಗಳು ಬೇರೆಯಾದವು. ತೀರಾ ಒಳ್ಳೆಯದು ಸೋತದ್ದು ಅಪರೂಪ, ತೀರಾ ಕೆಟ್ಟದ್ದು ಗೆದ್ದದ್ದೂ ಅಪರೂಪ. ನಡುವಿನವುಗಳ ಹಣೆಬರಹ ಮೊದಲು ಬಂದವರ ಕೈಯಲ್ಲಿತ್ತು. 2013ರ ಇನ್ನೊಂದು ಪ್ರಯೋಗದಲ್ಲಿ, ಒಂದು ಸುದ್ದಿ ತಾಣದ ಕಮೆಂಟುಗಳಿಗೆ ಸಂಶೋಧಕರೇ ಸುಮ್ನೆ ಒಂದು ಮೆಚ್ಚುಗೆ ಒತ್ತಿ ಬಿಟ್ಟರು. ಕೊನೆಯ ಸರಾಸರಿ ಅಂಕ 25 ಶೇಕಡಾ ಏರಿತು. ಕೆಟ್ಟದ್ದು ಎಂದು ಒತ್ತಿದ್ದನ್ನು ಮಾತ್ರ ಜನ ತಾವೇ ಸರಿ ಮಾಡಿದರು. ಆರಂಭದ ಸುಳ್ಳು ಹೊಗಳಿಕೆಯೇ ಹೆಚ್ಚು ಉಳಿಯುವಂಥದ್ದು. ಬಿಡುಗಡೆಯ ದಿನ ಬೆಳಗ್ಗೆಯೇ ಹತ್ತಕ್ಕೆ ಹತ್ತು ಕಂಡರೆ ಸ್ವಲ್ಪ ನಿಲ್ಲಿ.

ಇನ್ನು ನಮ್ಮ ತುಳು ಸಿನಿಮಾದ ವಿಷಯ. ಮೊದಲ ತುಳು ಚಿತ್ರ ಬಂದದ್ದು 1971ರಲ್ಲಿ. 2011ರ ಜನಗಣತಿಯ ಪ್ರಕಾರ ತುಳು ಮನೆಮಾತಿನವರು 18 ಲಕ್ಷಕ್ಕೂ ಜಾಸ್ತಿ. ಅಷ್ಟರಲ್ಲಿ ಥಿಯೇಟರಿಗೆ ಬರುವವರೆಷ್ಟು? ಬಿಡುಗಡೆ ಅಂದರೆ ದಕ್ಷಿಣ ಕನ್ನಡ, ಉಡುಪಿ ಎರಡು ಜಿಲ್ಲೆ, ಕಾಸರಗೋಡು, ಆಮೇಲೆ ಮುಂಬೈ ಮತ್ತು ಗಲ್ಫ್‌ನಲ್ಲಿ ಕೆಲವು ಶೋ. ಮೊದಲ ವಾರ ಜನ ಬರದಿದ್ದರೆ ಎರಡನೇ ವಾರ ಪರದೆಯೇ ಸಿಗುವುದಿಲ್ಲ. ಸಿಸ್ಕೆಲ್ ಮತ್ತು ಈಬರ್ಟ್ ಲೆಕ್ಕದಲ್ಲಿ ವಿಮರ್ಶೆ ಯಾರಿಗೆ ಹೆಚ್ಚು ನೆರವಾಗಿತ್ತೋ, ಈ ಸಿನಿಮಾಗಳು ಆ ಸಾಲಿಗೇ ಸೇರುತ್ತವೆ. ಹಾಸ್ಯದ ತುಳು ಸಿನಿಮಾಕ್ಕೆ ನಾಟಕದ ಕಲಾವಿದರ ಹೆಸರಾದರೂ ಬೆನ್ನಿಗಿರುತ್ತದೆ. ಗಂಭೀರ ಸಿನಿಮಾಕ್ಕೆ ಅದೂ ಇಲ್ಲ. ರಾಷ್ಟ್ರಪ್ರಶಸ್ತಿ ಬಂದ ತುಳು ಸಿನಿಮಾಗಳನ್ನು ನಮ್ಮ ಊರಿನವರೇ ನೋಡಿಲ್ಲ ಎಂಬುದು ನನಗೆ ಬೇಸರದ ವಿಷಯ.

ಆದರೆ ನಮ್ಮಲ್ಲಿ ಬರುವುದು ಹೆಚ್ಚಾಗಿ ಬೆನ್ನು ತಟ್ಟುವ ವಿಮರ್ಶೆ. "ನಮ್ಮವರು ಕಷ್ಟಪಟ್ಟು ಮಾಡಿದ್ದಾರೆ, ಎಂತಕ್ಕೆ ಬೈಯುವುದು?" ಈ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೂ ಎಲ್ಲದಕ್ಕೂ ನಾಲ್ಕು ಸ್ಟಾರ್ ಕೊಟ್ಟರೆ ನಿಜಕ್ಕೂ ನಾಲ್ಕು ಸ್ಟಾರಿನ ಸಿನಿಮಾಕ್ಕೆ ಹೇಳಲು ಏನೂ ಉಳಿಯುವುದಿಲ್ಲ. ಮತ್ತೆ, ಬೈದರೆ ಮುಳುಗುತ್ತದೆ ಎಂಬ ಹೆದರಿಕೆಯೂ ಪೂರ್ತಿ ಸರಿ ಅಲ್ಲ. 2010ರಲ್ಲಿ ಜೋನಾ ಬರ್ಗರ್ ಮತ್ತು ಜೊತೆಗಾರರು ನ್ಯೂಯಾರ್ಕ್ ಟೈಮ್ಸ್‌ನ ಪುಸ್ತಕ ವಿಮರ್ಶೆಗಳನ್ನು ನೋಡಿದರು. ಹೆಸರಾದ ಲೇಖಕರಿಗೆ ಕೆಟ್ಟ ವಿಮರ್ಶೆ ಬಂದರೆ ಮಾರಾಟ ಸುಮಾರು 15 ಶೇಕಡಾ ಇಳಿಯಿತು. ಹೆಸರಿಲ್ಲದ ಲೇಖಕರಿಗೆ ಬಂದರೆ ಸುಮಾರು 45 ಶೇಕಡಾ ಏರಿತು! ಬೈದದ್ದು ಕ್ರಮೇಣ ಮರೆತುಹೋಗುತ್ತದೆ, ಹೆಸರು ತಲೆಯಲ್ಲಿ ಉಳಿಯುತ್ತದೆ. ಪುಸ್ತಕದ ಮಾತು ಸಿನಿಮಾಕ್ಕೆ ಪೂರ್ತಿ ಒಪ್ಪಬೇಕೆಂದಿಲ್ಲ. ಆದರೆ ಹೊಸ ನಿರ್ದೇಶಕರಿಗೆ ಕಟು ಮಾತಿಗಿಂತ ಮೌನ ದೊಡ್ಡ ಪೆಟ್ಟು ಎಂದು ನಾನು ನಂಬುತ್ತೇನೆ.

ಪಕ್ಕದ ಕೇರಳದಲ್ಲಿ 2023ರಲ್ಲಿ ನಿರ್ದೇಶಕರೊಬ್ಬರು ಹೈಕೋರ್ಟಿಗೆ ಹೋದರು. ಬಿಡುಗಡೆಯಾಗಿ 7 ದಿನ ವ್ಲಾಗರ್‌ಗಳು ವಿಮರ್ಶೆ ಹಾಕಬಾರದು ಎಂಬುದು ಕೋರಿಕೆ. ಕೋರ್ಟಿಗೆ ನೆರವಾಗಲು ನೇಮಕವಾದ ವಕೀಲರು 2024ರಲ್ಲಿ, ಮೊದಲ 48 ಗಂಟೆ ವಿಮರ್ಶೆ ಬೇಡ ಎಂಬ ಸಲಹೆ ಕೊಟ್ಟರು. ದುಡ್ಡು ಕೇಳಿ, ಕೊಡದಿದ್ದರೆ ಕೆಟ್ಟದಾಗಿ ಮಾತಾಡುವ ದಂಧೆ ಇದ್ದರೆ ಅದು ಅಪರಾಧ, ಅದಕ್ಕೆ ಶಿಕ್ಷೆ ಆಗಲಿ. ಆದರೆ 48 ಗಂಟೆಯ ಮೌನದಿಂದ ಲಾಭ ಯಾರಿಗೆ? ಜಾಹೀರಾತಿಗೆ ಕೋಟಿ ಸುರಿಯಬಲ್ಲವರಿಗೆ. ಎರಡೇ ಪರದೆ ಸಿಕ್ಕಿದ ಸಣ್ಣ ಸಿನಿಮಾಕ್ಕೆ ಆ ಎರಡು ದಿನವೇ ಜೀವ.

ಊರಿನ ಮಾತು ಊರಿನೊಳಗೇ ಓಡುತ್ತದೆ ಎಂದೆನಲ್ಲ, ಅಲ್ಲಿಯೂ ವಿಮರ್ಶೆಗೆ ಒಂದು ಕೆಲಸ ಇದೆ. 'ಕಾಂತಾರ' 2022ರ ಸೆಪ್ಟೆಂಬರ್ 30ರಂದು ಕನ್ನಡದಲ್ಲಿ ಮಾತ್ರ ತೆರೆಗೆ ಬಂತು. ಹಿಂದಿಯಲ್ಲಿ ಬಂದದ್ದು ಅಕ್ಟೋಬರ್ 14ಕ್ಕೆ. ಕುಂದಾಪುರದಲ್ಲಿ ಅದನ್ನು ನೋಡಿದವರ ಮಾತು ಕುಂದಾಪುರದ ಮನೆಗಳಿಗೆ ಮುಟ್ಟಿತು. ಲಖನೌದಲ್ಲಿರುವವರಿಗೆ ಇಲ್ಲಿ ನೆಂಟರಿಲ್ಲ. ಅಷ್ಟು ದೂರಕ್ಕೆ ಸುದ್ದಿ ಹೊತ್ತವರಲ್ಲಿ ಬರೆಯುವವರು, ವಿಡಿಯೊ ಮಾಡುವವರು ಮುಖ್ಯರು ಎಂದು ನನಗೆ ತೋರುತ್ತದೆ.

ಇದನ್ನು ನಮ್ಮಲ್ಲೇ ಸರಿಯಾಗಿ ಅಳೆಯಬಹುದು. ಈಗ ಬಿಡುಗಡೆಗೆ ಕೆಲವು ದಿನ ಮುಂಚೆ ಪೇಯ್ಡ್ ಪ್ರೀಮಿಯರ್ ಇಡುವ ರೂಢಿ ಬಂದಿದೆ. ಪುತ್ತೂರು, ಕಾರ್ಕಳ, ಸುರತ್ಕಲ್, ಮೂಡುಬಿದಿರೆ, ಉಡುಪಿ, ಕುಂದಾಪುರ ಎಂದು ಪಟ್ಟಿ ಮಾಡಿ. ಎಲ್ಲಿ ಪ್ರೀಮಿಯರ್ ಎಂದು ಚೀಟಿ ಎತ್ತಿ. ಪ್ರೀಮಿಯರ್ ಇಲ್ಲದ ಊರುಗಳಿಗೆ ಮುಟ್ಟುವುದು ವಿಮರ್ಶೆ ಮಾತ್ರ, ಇರುವ ಊರುಗಳಿಗೆ ನೆರೆಹೊರೆಯ ಮಾತೂ ಮುಟ್ಟುತ್ತದೆ. ಮೊದಲ ವಾರಾಂತ್ಯದ ಟಿಕೆಟ್ ಲೆಕ್ಕದಲ್ಲಿ ಈ ವ್ಯತ್ಯಾಸ ಕಾಣಬೇಕು. ಒಂದು ಸಿನಿಮಾ ಸಾಲದು, ಹತ್ತಿಪ್ಪತ್ತು ಬೇಕು, ಅಂದರೆ ಎರಡು ಮೂರು ವರ್ಷದ ಕೆಲಸ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದುವ ಮಕ್ಕಳಿಗೆ ಲೆಕ್ಕ ಕಷ್ಟವಾಗದು. ಚೀಟಿ ಎತ್ತಲು ನಿರ್ಮಾಪಕರು ಒಪ್ಪಬೇಕು, ಟಿಕೆಟ್ ಲೆಕ್ಕ ಕೊಡಲು ಥಿಯೇಟರಿನವರು ಒಪ್ಪಬೇಕು.