ಎಷ್ಟು ಸೆಂಟು ಮಳೆ, ಅದರ ಜೊತೆ ಏನು?

ಮೂಡಿಗೆರೆ, ಸಕಲೇಶಪುರ ಕಡೆ ಮಾರ್ಚ್-ಏಪ್ರಿಲ್‌ನಲ್ಲಿ ಫೋನ್ ಎತ್ತಿದರೆ ಮೊದಲ ಮಾತೇ ‘ನಿಮ್ಮಲ್ಲಿ ಎಷ್ಟು ಸೆಂಟು ಬಂತು?’. ನೂರು ಸೆಂಟು ಅಂದರೆ ಒಂದು ಇಂಚು. ಕಾಫಿ ಹೂವಾಗಲು ಬೇಕಾದ ಹೂಮಳೆಯ ಲೆಕ್ಕ ಅದು. ಕೆಲವು ತೋಟದ ಮನೆಗಳಲ್ಲಿ ಅಜ್ಜನ ಕಾಲದ ಮಳೆ ಪುಸ್ತಕಗಳು ಇನ್ನೂ ಇವೆ. ಅಂಥದ್ದರಲ್ಲಿ 1963ರ ಪುಟ ತೆಗೆದರೆ ಸೆಂಟು, ಇಂಚು ಎಲ್ಲ ಸಿಗುತ್ತದೆ. ಆ ವರ್ಷದ ಮಳೆಯಲ್ಲಿ ಅಣುಬಾಂಬ್ ಪರೀಕ್ಷೆಗಳ ಬೂದಿಯೂ ಚೂರು ಇತ್ತು ಅನ್ನುವುದು ಮಾತ್ರ ಇರುವುದಿಲ್ಲ.

ಮಳೆಗೂ ವಿಕಿರಣಕ್ಕೂ ಇರುವ ನಂಟು ಬಾಂಬಿಗಿಂತ ಹಳೆಯದು. 1902ರಲ್ಲಿ ಸ್ಕಾಟ್ಲೆಂಡಿನ ವಿಜ್ಞಾನಿ ಸಿ.ಟಿ.ಆರ್. ವಿಲ್ಸನ್ ಆಗಷ್ಟೇ ಬಿದ್ದ ಮಳೆನೀರನ್ನು ಕಾಯಿಸಿ ಬತ್ತಿಸಿದರು. ತಳದಲ್ಲಿ ಉಳಿದದ್ದರಿಂದ ವಿಕಿರಣ ಹೊಮ್ಮುತ್ತಿತ್ತು. ಅರ್ಧ ಗಂಟೆ ಬಿಟ್ಟು ನೋಡಿದರೆ ಅರ್ಧಕ್ಕರ್ಧ ಇಳಿದಿತ್ತು. ಇದು ಯಾರ ಪಾಪವೂ ಅಲ್ಲ. ಕಲ್ಲು-ಮಣ್ಣಿನಿಂದ ರೇಡಾನ್ ಎಂಬ ವಿಕಿರಣ ಸೂಸುವ ಅನಿಲ ಸದಾ ಮೇಲೇಳುತ್ತದೆ. ಅದು ಒಡೆದು ಹುಟ್ಟುವ ಕಣಗಳು ಗಾಳಿಯ ಧೂಳಿಗೆ ಅಂಟಿಕೊಳ್ಳುತ್ತವೆ, ಮಳೆ ಅವನ್ನು ಕೆಳಕ್ಕೆ ತರುತ್ತದೆ. ಮಳೆ ಬರುವಾಗ ವಿಕಿರಣ ಅಳೆಯುವ ಗೈಗರ್ ಕೌಂಟರ್ ಹಿಡಿದು ‘ನೋಡಿ, ಎಷ್ಟು ಏರಿತು’ ಎಂದು ವಿಡಿಯೊ ಹಾಕುವವರು ಸಾಮಾನ್ಯವಾಗಿ ತೋರಿಸುತ್ತಿರುವುದು ಇದನ್ನೇ. ಒಂದೆರಡು ಗಂಟೆ ಕಾದು ಇನ್ನೊಂದು ವಿಡಿಯೊ ಹಾಕುವುದಿಲ್ಲ, ಅಷ್ಟೇ.

ಬಾಂಬಿನ ಕಥೆ ಬೇರೆ. 1953ರ ಏಪ್ರಿಲ್ 25ರಂದು ಅಮೆರಿಕದ ನೆವಾಡಾ ಮರುಭೂಮಿಯಲ್ಲಿ ‘ಸೈಮನ್’ ಎಂಬ ಹೆಸರಿನ 43 ಕಿಲೋಟನ್ ಬಾಂಬ್ ಸಿಡಿಸಿದರು. ಮೋಡ ಹತ್ತು ಕಿಲೋಮೀಟರಿಗಿಂತ ಮೇಲೆ ಹೋಗಿ ಪೂರ್ವಕ್ಕೆ ತೇಲಿತು. ಸುಮಾರು 36 ಗಂಟೆ ಕಳೆದ ಮೇಲೆ ನ್ಯೂಯಾರ್ಕ್ ರಾಜ್ಯದ ಟ್ರಾಯ್, ಆಲ್ಬನಿ ಊರುಗಳ ಮೇಲೆ ಗುಡುಗು-ಆಲಿಕಲ್ಲಿನ ಜೋರು ಮಳೆ. ಮರುದಿನ ಟ್ರಾಯ್‌ನ ರೆನ್ಸೆಲೇರ್ ಪಾಲಿಟೆಕ್ನಿಕ್‌ನ ಪ್ರಯೋಗಾಲಯಕ್ಕೆ ಬಂದ ವಿದ್ಯಾರ್ಥಿಗಳ ಗೈಗರ್ ಕೌಂಟರ್‌ಗಳು ಸುಮ್ಮನೆ ಕೂರಲೇ ಇಲ್ಲ. ಸಿಡಿದ ಜಾಗ ಅಲ್ಲಿಂದ ಸುಮಾರು 3,700 ಕಿಲೋಮೀಟರ್ ದೂರ. ಕಾಶ್ಮೀರದಿಂದ ಕನ್ಯಾಕುಮಾರಿ ಕೂಡ ಅಷ್ಟಿಲ್ಲ. ನಡುವಿನ ಎಷ್ಟೋ ಊರುಗಳನ್ನು ಹಾಗೇ ದಾಟಿ ಹೋದ ಬೂದಿ, ಮಳೆ ಸಿಕ್ಕಲ್ಲಿ ದಬದಬ ಇಳಿಯಿತು.

ಅದು ಇಳಿದದ್ದು ಹೇಗೆ? ಸಣ್ಣ ಕಣಗಳು ತಾವಾಗಿ ಬೀಳಬೇಕೆಂದರೆ ತುಂಬಾ ನಿಧಾನ. ಮೋಡದೊಳಗೆ ಸಿಕ್ಕಿಕೊಂಡರೆ ಅವುಗಳ ಸುತ್ತಲೇ ಹನಿ ಕಟ್ಟಬಹುದು. ಇಲ್ಲವೇ ಬೀಳುವ ಹನಿಗಳು ದಾರಿಯಲ್ಲಿ ಅವನ್ನು ಗುಡಿಸಿಕೊಂಡು ಬರುತ್ತವೆ. ಹಾಗಾಗಿ ಕೆಳಗಿನ ಗಾಳಿಯಲ್ಲಿರುವ ಬೂದಿ ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ಇದಕ್ಕಿಂತ ಎಷ್ಟೋ ದೊಡ್ಡ ಮೆಗಾಟನ್ ಬಾಂಬುಗಳು ಬಂದ ಮೇಲೆ ಈ ಲೆಕ್ಕ ಕೆಟ್ಟಿತು. ಶಾಲೆಯಲ್ಲಿ ಸಮೋಷ್ಣ ಮಂಡಲ ಎಂದು ಓದಿದ್ದೆವಲ್ಲ, ಅವು ಅಲ್ಲಿಗೇ ಬೂದಿ ತಳ್ಳಿದವು. ಅಲ್ಲಿ ಮಳೆ ಇಲ್ಲ, ತೊಳೆಯುವವರಿಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಚಳಿಗಾಲದ ಕೊನೆಗೆ, ವಸಂತದಲ್ಲಿ ಅಲ್ಲಿನ ಗಾಳಿ ಕೆಳಕ್ಕೆ ಸೇರಿಕೊಳ್ಳುತ್ತದೆ. ಆಮೇಲಿನ ಕೆಲಸ ಮಳೆಯದು.

1961-62ರಲ್ಲಿ ರಷ್ಯಾ, ಅಮೆರಿಕ ಎರಡೂ ಪೈಪೋಟಿಗೆ ಬಿದ್ದು ಸಿಡಿಸಿದವು. ಗಾಳಿಯಲ್ಲಿ ಬಾಂಬ್ ಪರೀಕ್ಷೆ ಬೇಡ ಎಂದು 1963ರ ಆಗಸ್ಟ್‌ನಲ್ಲಿ ಒಪ್ಪಂದವಾಯಿತು. ಪರೀಕ್ಷೆ ನಿಲ್ಲಿಸಿ ಎಂದು ನೆಹರೂ 1954ರಲ್ಲೇ ಕೇಳಿದ್ದರು. ತಮಾಷೆ ನೋಡಿ, ಉತ್ತರಾರ್ಧ ಗೋಳದಲ್ಲಿ ಜಾಸ್ತಿ ಬೂದಿ ಬಿದ್ದದ್ದು ಒಪ್ಪಂದವಾದ ಅದೇ 1963ರಲ್ಲಿ. ಮೇಲೆ ಕೂತಿದ್ದ ಬಾಕಿ ಅದು.

ಹಾಗಾದರೆ ಘಟ್ಟದಲ್ಲಿ ಅಷ್ಟು ಮಳೆ ಸುರಿಯುವ ನಮ್ಮಲ್ಲೇ ಜಾಸ್ತಿ ಬಿದ್ದಿರಬೇಕು ಅಲ್ವಾ? ಇಲ್ಲ. ಮೇಲಿನ ಗಾಳಿ ಹೆಚ್ಚಾಗಿ ಕೆಳಗಿಳಿಯುವುದು ನಮಗಿಂತ ಉತ್ತರದಲ್ಲಿ. 40ರಿಂದ 50 ಡಿಗ್ರಿ ಅಕ್ಷಾಂಶದ ಪಟ್ಟಿಯಲ್ಲಿ ಬಿದ್ದಷ್ಟು ಬೂದಿ 13 ಡಿಗ್ರಿಯಲ್ಲಿರುವ ನಮಗೆ ಬೀಳಲಿಲ್ಲ. ಆದರೆ ಒಂದೇ ಸೀಮೆಯೊಳಗೆ ಮಳೆಯ ಲೆಕ್ಕವೇ ನಡೆಯುತ್ತದೆ. ಅರಸೀಕೆರೆ ಬಯಲಿಗಿಂತ ಸಕಲೇಶಪುರದ ಘಟ್ಟದಂಚಿಗೆ ಪಾಲು ಜಾಸ್ತಿ ಬರಬೇಕು.

ಚೆರ್ನೋಬಿಲ್‌ನಲ್ಲೂ ಇದೇ ಆಯಿತು. ಅಲ್ಲಿನ ಅಣು ವಿದ್ಯುತ್ ಸ್ಥಾವರ ಸಿಡಿದದ್ದು 1986ರ ಏಪ್ರಿಲ್ 26ಕ್ಕೆ. ಮೇ ಮೊದಲ ವಾರ ಆ ಮೋಡ ಬ್ರಿಟನ್ ದಾಟುವಾಗ ವೇಲ್ಸ್, ಕಂಬ್ರಿಯಾದ ಗುಡ್ಡಗಳಲ್ಲಿ ಮಳೆ ಬರುತ್ತಿತ್ತು. ಅಲ್ಲಿ ಮೇಯುವ ಕುರಿಗಳ ಮಾರಾಟದ ಮೇಲಿದ್ದ ಕಟ್ಟುಪಾಡು ಪೂರ್ತಿ ತೆಗೆದದ್ದು 2012ರಲ್ಲಿ. ಎರಡು ದಿನದ ಮಳೆಗೆ 26 ವರ್ಷ.

ಬಾಂಬಿನ ಬೂದಿಯಲ್ಲಿದ್ದ, ವಿಕಿರಣ ಸೂಸುವ ಸೀಸಿಯಂ-137 ಮೂವತ್ತು ವರ್ಷಕ್ಕೆ ಅರ್ಧವಾಗುತ್ತದೆ. 1963ರಲ್ಲಿ ಬಿದ್ದದ್ದರಲ್ಲಿ ಈಗ ಉಳಿದಿರುವುದು ಹತ್ತಿರ ಹತ್ತಿರ ಕಾಲು ಭಾಗ. ಅದು ಜೇಡಿಮಣ್ಣಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮಣ್ಣು ವಿಜ್ಞಾನಿಗಳಿಗೆ ಇದು ಒಳ್ಳೆಯ ಗುರುತು. ಯಾರೂ ಮುಟ್ಟದ ಕಾಡಿನ ಮಣ್ಣಲ್ಲಿ ಎಷ್ಟಿದೆ, ಇಳಿಜಾರಿನ ಹೊಲದಲ್ಲಿ ಎಷ್ಟಿದೆ ಎಂದು ಹೋಲಿಸಿದರೆ ಎಷ್ಟು ಮಣ್ಣು ಕೊಚ್ಚಿಹೋಗಿದೆ ಎಂದು ಗೊತ್ತಾಗುತ್ತದೆ. ಸಕಲೇಶಪುರದ ಗುಡ್ಡ ಬೋಳಿಸಿ ಶುಂಠಿ ಹಾಕಿದ ಕಡೆ ಮೇಲ್ಮಣ್ಣು ಒಂದು ಮಳೆಗಾಲಕ್ಕೇ ಕೆಂಪಾಗಿ ಹರಿದು ಹೇಮಾವತಿ ಸೇರುತ್ತದೆ. ಅದಕ್ಕಂಟಿದ ಸೀಸಿಯಂ ಕೂಡ ಅದರ ಜೊತೆಗೇ ಹೊರಟು, ಗೊರೂರು ಹಿನ್ನೀರಿನ ತಳದ ಹೂಳಲ್ಲಿ ಕೂರುತ್ತದೆ.