ಪದ ಪರಿಚಯ: ಘನತೆಯ ದುಡಿಮೆ

'ಹುಡುಗ ಡೀಸೆಂಟ್, ಕೆಲಸಾನೂ ಇದೆ' ಅನ್ನುವುದು ಮದುವೆ ಮಾತುಕತೆಯಲ್ಲಿ ಆಗಾಗ ಕಿವಿಗೆ ಬೀಳುವ ಮಾತು. ನಮ್ಮ ಬಾಯಲ್ಲಿ ಡೀಸೆಂಟ್ ಅಂದರೆ ಇಸ್ತ್ರಿ ಅಂಗಿ, ಮೆತ್ತಗಿನ ಮಾತು. ಹೀಗಾಗಿ 'ಡೀಸೆಂಟ್ ವರ್ಕ್' ಎಂದೊಡನೆ ಫ್ಯಾನಿನ ಕೆಳಗಿನ ಕುರ್ಚಿ ಕೆಲಸ ನೆನಪಾಗುವುದು ಸಹಜ. ಕಾರ್ಮಿಕ ವಿಷಯಗಳಲ್ಲಿ ಈ ಪದದ ಅರ್ಥವೇ ಬೇರೆ. ಗಾರೆ ಕೆಲಸ ಡೀಸೆಂಟ್ ವರ್ಕ್ ಆಗಬಹುದು, ಟೈ ಕಟ್ಟಿಕೊಂಡು ಮಾಡುವ ಕೆಲಸ ಆಗದೇ ಹೋಗಬಹುದು.

ಕನ್ನಡದಲ್ಲಿ ಇದನ್ನು ಯೋಗ್ಯ ಕೆಲಸ, ಗೌರವಯುತ ಕೆಲಸ, ಘನತೆಯ ದುಡಿಮೆ ಎಂದೆಲ್ಲ ಬರೆಯುತ್ತಾರೆ. 'ಸಭ್ಯ ಕೆಲಸ' ಎಂಬ ಯಂತ್ರಾನುವಾದವನ್ನಂತೂ ದೂರ ಇಡಬೇಕು; ಇಲ್ಲಿ ಸಭ್ಯತೆ ಕಲಿಯಬೇಕಾದವರು ಕೆಲಸ ಕೊಡುವವರು. 'ಯೋಗ್ಯ' ಎಂದರೂ ಒಂದು ತೊಡಕಿದೆ: ಯೋಗ್ಯತೆ ಅಂದ ಕೂಡಲೇ ನಮ್ಮ ಕಣ್ಣು ದುಡಿಯುವವನ ಕಡೆಗೇ ತಿರುಗುತ್ತದೆ. ಈ ಪರಿಕಲ್ಪನೆ ತಕ್ಕಡಿಗೆ ಹಾಕುವುದು ಕೆಲಸವನ್ನು. ಅದಕ್ಕೇ ನನ್ನ ಮತ ಘನತೆಯ ದುಡಿಮೆಗೆ.

ಪದ ಚಾಲ್ತಿಗೆ ಬಂದದ್ದು 1999ರಲ್ಲಿ. ಆ ವರ್ಷ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮಹಾನಿರ್ದೇಶಕರಾದ ಚಿಲಿ ದೇಶದ ಹ್ವಾನ್ ಸೊಮಾವಿಯಾ, ತಮ್ಮ ಮೊದಲ ವರದಿಗೆ ಇದನ್ನೇ ತಲೆಬರಹ ಮಾಡಿದರು. ಸ್ವಾತಂತ್ರ್ಯ, ಸಮತೆ, ಭದ್ರತೆ, ಘನತೆ ಇರುವ ಕೆಲಸ ಹೆಣ್ಣಿಗೂ ಗಂಡಿಗೂ ಸಿಗಬೇಕು ಎಂಬುದು ಅದರ ಸಾರ. 2015ರಲ್ಲಿ ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳ ಪಟ್ಟಿಯಲ್ಲಿ ಎಂಟನೆಯದಾಗಿ ಸೇರಿಕೊಂಡಿತು.

ಹೇಳುವುದು ಸುಲಭ, ಅಳೆಯುವುದು ಹೇಗೆ? 2008ರಲ್ಲಿ ಸಂಸ್ಥೆಯ ತಜ್ಞರು ಕೂತು ಇದನ್ನು ಹತ್ತು ಅಂಶಗಳಾಗಿ ಬಿಡಿಸಿದರು. ಕೆಲಸ ಸಿಗುತ್ತದೆಯೇ, ಕೂಲಿ ಸಾಕಾಗುತ್ತದೆಯೇ, ಎಷ್ಟು ಗಂಟೆ ದುಡಿಮೆ, ಮನೆ ಮಕ್ಕಳಿಗೆ ಸಮಯ ಉಳಿಯುತ್ತದೆಯೇ, ಜೀತ ಮತ್ತು ಬಾಲಕಾರ್ಮಿಕತನದಂಥ ಇರಲೇಬಾರದ ದುಡಿಮೆ ಎಷ್ಟಿದೆ, ನಾಳೆಯೂ ಕೆಲಸ ಇರುತ್ತದೆಂಬ ನೆಚ್ಚಿಕೆ ಇದೆಯೇ, ತಾರತಮ್ಯ, ಸುರಕ್ಷತೆ, ಸಾಮಾಜಿಕ ಭದ್ರತೆ, ಕೊನೆಗೆ ಸಂಘ ಕಟ್ಟಿ ಮಾತಾಡುವ ಅವಕಾಶ. ಇವುಗಳನ್ನೆಲ್ಲ ಕೂಡಿ ಭಾಗಿಸಿ ಒಂದೇ ಅಂಕ ಮಾಡುವ ದಾರಿ ಹಿಡಿಯಲಿಲ್ಲ. ಅದು ಸರಿಯೇ. ಕೈ ಕತ್ತರಿಸುವ ಯಂತ್ರದ ಮುಂದೆ ಒಳ್ಳೆಯ ಸಂಬಳಕ್ಕೆ ನಿಂತವನಿಗೆ ಸರಾಸರಿ ಅಂಕದಿಂದ ಏನಾಗಬೇಕು?

ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರದ ಅಂಕಿಗಳು ಸಿಗುವುದು ಕೇಂದ್ರದ ಆವರ್ತಕ ಶ್ರಮಬಲ ಸಮೀಕ್ಷೆಯಲ್ಲಿ. 2023-24ರ ಸುತ್ತಿನಲ್ಲಿ, ವರ್ಷದ ಲೆಕ್ಕ ಹಿಡಿದರೆ, ನಿರುದ್ಯೋಗ ಬರೀ ಶೇ. 3.2. ಕೇಳಲು ಹಿತವಾಗಿದೆ. ಆದರೆ ಇದೇ ಸಮೀಕ್ಷೆಯ ವಾರದ ಲೆಕ್ಕದಲ್ಲಿ, ಏಳು ದಿನದಲ್ಲಿ ಒಂದು ಗಂಟೆ ದುಡಿದವರೂ ಉದ್ಯೋಗಿಯೇ. ಮನೆಯ ಅಂಗಡಿಯಲ್ಲಿ ಬಿಡಿಗಾಸು ಪಡೆಯದೆ ಕೂರುವ ಅತ್ತಿಗೆಯೂ ಉದ್ಯೋಗಿ. ನಿರುದ್ಯೋಗಿಯಾಗಿ ಉಳಿಯಲು ಮನೆಯಲ್ಲಿ ಅನ್ನ ಹಾಕುವವರು ಬೇಕು. ಬಡವರಿಗೆ ಆ ಅನುಕೂಲ ಎಲ್ಲಿದೆ? ಹಾಗಾಗಿ 'ಕೆಲಸ ಇದೆಯಾ' ಎಂಬ ಪ್ರಶ್ನೆಯೊಂದರಿಂದ ನಮ್ಮಲ್ಲಿ ಹೆಚ್ಚೇನೂ ತಿಳಿಯುವುದಿಲ್ಲ.

'ಎಂಥ ಕೆಲಸ' ಎಂದು ಕೇಳಿದಾಗ ಚಿತ್ರ ತಿರುಗುತ್ತದೆ. ಕೃಷಿಯ ಹೊರಗೆ, ತಿಂಗಳ ಸಂಬಳದವರನ್ನೇ ತೆಗೆದುಕೊಂಡರೂ ಅರ್ಧಕ್ಕಿಂತ ಹೆಚ್ಚು ಜನರ ಕೈಯಲ್ಲಿ ಲಿಖಿತ ಒಪ್ಪಂದವಿಲ್ಲ. ಪಿಎಫ್, ಪಿಂಚಣಿಯಂಥ ಯಾವ ಭದ್ರತೆಯೂ ಇಲ್ಲದವರು ಕೂಡ ಅರ್ಧಕ್ಕಿಂತ ಹೆಚ್ಚು. ಇವರು ಕೂಲಿಯವರಿಗಿಂತ ಗಟ್ಟಿ ನೆಲದ ಮೇಲಿರುವವರು ಅನ್ನುವುದು ನೆನಪಿರಲಿ.

ಇನ್ನು ಅದೇ ಸುತ್ತಿನಲ್ಲಿ ದುಡಿಯುವವರಲ್ಲಿ ಶೇ. 58.4ರಷ್ಟು ಮಂದಿ 'ಸ್ವಂತ ಉದ್ಯೋಗ'ದವರು. ಈ ಖಾನೆಯೊಳಗೆ ಇಣುಕಬೇಕು. ದಕ್ಷಿಣ ಕನ್ನಡದಲ್ಲಿ ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತಂದು ಮನೆ ಜಗಲಿಯಲ್ಲಿ ಬೀಡಿ ಕಟ್ಟುವ ಹೆಂಗಸರಿದ್ದಾರೆ. ಕೂಲಿ ಸಾವಿರ ಬೀಡಿಗೆ ಇಷ್ಟು ಎಂದು. ದರ ಹೇಳುವುದು ಅವರಲ್ಲ, ಕಳಪೆ ಎಂದು ತೆಗೆದುಹಾಕುವುದೂ ಅವರಲ್ಲ. ಬೀಡಿ ಮತ್ತು ಸಿಗಾರ್ ಕಾರ್ಮಿಕರ 1966ರ ಕಾಯ್ದೆ ಮನೆಯಲ್ಲಿ ಕೂತು ಕಟ್ಟುವವರನ್ನೂ ಕಾರ್ಮಿಕರೆಂದೇ ಒಪ್ಪಿತ್ತು. ಆದರೆ ಹೀಗೆ ಮನೆಗೆ ತಂದು ಮಾಡಿಕೊಡುವ ಕೆಲಸವನ್ನು ಸಮೀಕ್ಷೆಯ ವ್ಯಾಖ್ಯೆ ಸ್ವಂತ ಉದ್ಯೋಗದ ಕಡೆಗೆ ಸೇರಿಸುತ್ತದೆ. ತಿಂಗಳ ಸಂಬಳದವರ ಒಪ್ಪಂದ, ಭದ್ರತೆಯ ಆ ಅಂಕಿಯೊಳಗೆ ಅಲ್ಲಿಗೆ ಬೀಡಿ ಕಟ್ಟುವಾಕೆ ಇಲ್ಲ.

ಭದ್ರತೆ ಇದೆಯೇ ಎಂಬ ಪ್ರಶ್ನೆಗೆ 'ಹೌದು' ಎಂಬ ಗುರುತು ಬಿದ್ದಲ್ಲೂ ಕಥೆ ಮುಗಿಯುವುದಿಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗಿಳಿದದ್ದು ಪಿಎಫ್‌ಗಾಗಿ. ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ನಿಯಮ ಮಾಡಿತ್ತು. ಎರಡೇ ದಿನದಲ್ಲಿ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. ದೆಹಲಿಯ ಲೆಕ್ಕದಲ್ಲಿ ಅದು ಮುಪ್ಪಿನ ಭದ್ರತೆ. ಹೊಲಿಗೆ ಲೈನಿನಲ್ಲಿ ಕೂತವಳಿಗೆ ಅದು ಮಗಳ ಫೀಸು, ಕೈಸಾಲ, ಕೆಲಸ ಬಿಟ್ಟ ತಿಂಗಳ ಬಾಡಿಗೆ. ಸಮೀಕ್ಷೆಯ ಹಾಳೆಯಲ್ಲಿ ಎರಡಕ್ಕೂ ಒಂದೇ ಗುರುತು.

ಗಂಟೆಗಳ ಲೆಕ್ಕವೂ ಅಷ್ಟೇ. ವಾರಕ್ಕೆ 48 ಗಂಟೆ ದಾಟಿದರೆ ಅತಿ ದುಡಿಮೆ ಎಂಬುದು ಅಂತರರಾಷ್ಟ್ರೀಯ ಗೆರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1919ರ ಮೊದಲ ಒಡಂಬಡಿಕೆಯಿಂದ ಬಂದದ್ದು. ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯ್ದೆ ತಿದ್ದಿ, ವಾರದ 48ನ್ನು ಹಾಗೇ ಉಳಿಸಿ, ದಿನಕ್ಕೆ 12 ಗಂಟೆವರೆಗೆ ದುಡಿಸಲು ದಾರಿ ಮಾಡಿತು. ಹನ್ನೆರಡು ಗಂಟೆ ನಿಂತ ಕಾಲು ನೋಯುವುದು ವಾರದ ಮೊತ್ತ ನೋಡುವ ಅಳತೆಗೆ ಕಾಣುವುದಿಲ್ಲ. ಮೂರು ತಿಂಗಳ ಓಟಿ (ಹೆಚ್ಚುವರಿ ದುಡಿಮೆ) ಮಿತಿಯನ್ನು 75ರಿಂದ 144 ಗಂಟೆಗೆ ಏರಿಸಿದ್ದೂ ಆಗಲೇ. ಅದನ್ನು ಪೂರ್ತಿ ಮಾಡಿದವರ ವಾರ ಸುಮಾರು 59 ಗಂಟೆಗೆ ಹೋಗುತ್ತಿತ್ತು, ಆ ಕಾನೂನಿನ ಒಳಗೇ.

ಈ ಸಮೀಕ್ಷೆಗಳೆಲ್ಲ ಮನೆ ಬಾಗಿಲಿಗೆ ಹೋಗಿ ದುಡಿಯುವವರನ್ನು ಕೇಳುವಂಥವು. ಕಂಪನಿಯನ್ನೇ ಪರೀಕ್ಷೆಗೆ ಕೂರಿಸುವ ಇನ್ನೊಂದು ಬಗೆಯೂ ಇದೆ. ಆಕ್ಸ್‌ಫರ್ಡ್‌ನಿಂದ ನಡೆಯುವ 'ಫೇರ್‌ವರ್ಕ್' ಯೋಜನೆ ಆ್ಯಪ್ ಕಂಪನಿಗಳಿಗೆ ಹತ್ತಕ್ಕೆ ಅಂಕ ಕೊಡುತ್ತದೆ; ಭಾರತದ ತಂಡಕ್ಕೆ ನೆಲೆ ಒದಗಿಸಿದ್ದು ಬೆಂಗಳೂರಿನ ಐಐಐಟಿ ಎಂಬ ತಂತ್ರಜ್ಞಾನ ಶಿಕ್ಷಣ ಸಂಸ್ಥೆ. ವೇತನ, ಪರಿಸ್ಥಿತಿ, ಕರಾರು, ನಿರ್ವಹಣೆ, ಪ್ರಾತಿನಿಧ್ಯ ಎಂಬ ಐದು ವಿಷಯಗಳು, ಒಂದೊಂದಕ್ಕೆ ಎರಡು ಅಂಕ. ಪುರಾವೆ ಸಿಗದಿದ್ದರೆ ಅಂಕವಿಲ್ಲ. ನನಗೆ ಹಿಡಿಸುವುದು ನಿರ್ವಹಣೆಯ ಪ್ರಶ್ನೆ. ಡೆಲಿವರಿ ಹುಡುಗನ ಐಡಿ ಬ್ಲಾಕ್ ಆದರೆ ಯಾಕೆ ಎಂದು ಕೇಳಲು ಫೋನಿನ ಆ ತುದಿಯಲ್ಲಿ ಮನುಷ್ಯರೊಬ್ಬರು ಇದ್ದಾರೆಯೇ ಎಂದೂ ಅಲ್ಲಿ ನೋಡುತ್ತಾರೆ.