ಗೋದಾಮು ತುಂಬಿದಾಗ ವೈಫೈ ಅಳೆಯಿರಿ

ರಾಯಚೂರು ಜಿಲ್ಲೆಯ ಒಂದು ಅಕ್ಕಿ ಮಿಲ್ಲಿನಿಂದ ಡಿಸೆಂಬರ್‌ನಲ್ಲಿ ಫೋನ್ ಬಂತು. "ಸರ್, ಗೋದಾಮಿನೊಳಗ ವೈಫೈ ಸಿಗವಲ್ದು. ಇನ್ನೆರಡು ಬಾಕ್ಸ್ ಹಾಕಿಬಿಡ್ರಿ" ಅಂದರು ಮಾಲೀಕರು. ಆರು ತಿಂಗಳ ಹಿಂದೆ ನಾನೇ ಹಾಕಿದ್ದೆ. ಆಗ ಎಲ್ಲ ಮೂಲೆಯಲ್ಲೂ ಚೆನ್ನಾಗಿ ಸಿಗುತ್ತಿತ್ತು.

ಹೋಗಿ ನೋಡಿದರೆ ಕಾರಣ ಕಣ್ಣೆದುರೇ ಇತ್ತು. ನಾನು ಅಳೆದಾಗ ಗೋದಾಮು ಖಾಲಿ. ಈಗ ಎಡದಂಡೆ ಕಾಲುವೆ ಕಡೆಯ ಭತ್ತ ಬಂದಿತ್ತು, ಚೀಲಗಳು ಆಳೆತ್ತರ ದಾಟಿದ್ದವು. ಕಾಳಿನಲ್ಲಿರುವ ತೇವ ಸಿಗ್ನಲ್ ಹೀರಿಕೊಳ್ಳುತ್ತದೆ. ನನ್ನ ಎರಡೂ ಆಕ್ಸೆಸ್ ಪಾಯಿಂಟ್, ಅಂದರೆ ವೈಫೈ ಹರಡುವ ಬಾಕ್ಸ್‌ಗಳು, ಪಕ್ಕದ ಗೋಡೆಯಲ್ಲಿದ್ದವು, ಚೀಲಗಳ ಹಿಂದೆ. ತಪ್ಪು ನನ್ನದು.

ಹೊಸದು ಹಾಕಲಿಲ್ಲ. ಅವೆರಡನ್ನೇ ಹಮಾಲರು ಓಡಾಡುವ ದಾರಿಯ ನೆತ್ತಿಗೆ ತಂದೆ. ಚಾವಣಿಯ ತಗಡಿಗೆ ಅಂಟಿಸದೆ, ಪೈಪ್ ಇಳಿಬಿಟ್ಟು ನಾಲ್ಕಡಿ ಕೆಳಗೆ ತೂಗುಹಾಕಿದೆ. ಕಟ್ಟಡದ ಒಳಗೆ ಹಾಕುವ ಎಷ್ಟೋ ಮಾಡೆಲ್‌ಗಳು 40 ಡಿಗ್ರಿವರೆಗಿನ ಬಿಸಿಗೆ ಮಾತ್ರ ಮಾಡಿದವು. ನಮ್ಮ ಮೇ ತಿಂಗಳಲ್ಲಿ ತಗಡಿನ ಕೆಳಗೆ ಅದಕ್ಕಿಂತ ಜಾಸ್ತಿ ಕಾಯುತ್ತದೆ ಅಲ್ವಾ?

ಸುಮ್ನೆ ಬಾಕ್ಸ್ ಹೆಚ್ಚಿಸಿದರೆ ಯಾಕೆ ಕೆಡುತ್ತದೆ? ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ನಮಗೆ 13 ಚಾನೆಲ್, ಅಂದರೆ ಸಿಗ್ನಲ್ ಓಡಾಡುವ ದಾರಿಗಳು, ಕಾಣುತ್ತವೆ. ಆದರೆ ಚಾನೆಲ್‌ಗಳ ನಡುವೆ ಇರುವುದು ಬರೀ 5 ಮೆಗಾಹರ್ಟ್ಸ್, ಸಿಗ್ನಲ್ ಹರಡುವುದು ಸುಮಾರು 20. ಹಾಗಾಗಿ ಒಂದರ ಮೇಲೊಂದು ಬೀಳದಂತೆ ಬಳಸಲು 1, 6, 11 ಈ ಮೂರೇ. ಒಂದೇ ಚಾನೆಲ್‌ನ ಎರಡು ಯಂತ್ರಗಳು ಒಂದು ಮುಗಿಸಲಿ ಅಂತ ಇನ್ನೊಂದು ಕಾಯುತ್ತವೆ. ನಿಧಾನವಾದರೂ ಕೆಲಸ ನಡೆಯುತ್ತದೆ. ಒಂದು 6ರಲ್ಲಿ, ಇನ್ನೊಂದು 8ರಲ್ಲಿ ಇದ್ದರೆ ಒಂದರ ಮಾತು ಇನ್ನೊಂದಕ್ಕೆ ಬರೀ ಗದ್ದಲ. ನನ್ನ ಅನುಭವದಲ್ಲಿ ಇದೇ ಹೆಚ್ಚು ಕಾಡುತ್ತದೆ.

ಪವರ್ ಕೂಡ ಪೂರ್ತಿ ಏರಿಸಬೇಡಿ. ಬಾಕ್ಸ್ ದೂರದವರೆಗೆ ಕೂಗಬಹುದು, ಆದರೆ ಜೇಬಿನ ಫೋನಿಗೆ ಅಷ್ಟು ದೂರ ತಿರುಗಿ ಕೂಗುವ ಶಕ್ತಿಯಿಲ್ಲ. ಪರದೆ ಮೇಲೆ ಗೆರೆಗಳು ತುಂಬಿರುತ್ತವೆ, ಬಿಲ್ ಮಾತ್ರ ಹೋಗುವುದಿಲ್ಲ. ಮೇಲಾಗಿ ಫೋನು ಹತ್ತಿರದ ಬಾಕ್ಸಿಗೆ ಬದಲಾಗದೆ ದೂರದ್ದನ್ನೇ ಹಿಡಿದು ಕೂರುತ್ತದೆ.

ಮನೆಗಳ ವಿಷಯ ಚಿಕ್ಕದು. ಕೊಪ್ಪಳ, ಬಳ್ಳಾರಿ ಕಡೆಯ ಹಳೇ ಮನೆಗಳ ದಪ್ಪ ಕಲ್ಲುಗೋಡೆಯನ್ನು ವೈಫೈನ ಇನ್ನೊಂದು ಪಟ್ಟಿ, 5 ಗಿಗಾಹರ್ಟ್ಸ್, ದಾಟುವುದು ಕಷ್ಟ. ರೂಟರನ್ನು ಪಡಸಾಲೆಯಲ್ಲಿ, ಬಾಗಿಲುಗಳ ನೇರಕ್ಕೆ, ತಲೆಗಿಂತ ಎತ್ತರದಲ್ಲಿಡಿ. ಕಬ್ಬಿಣದ ಅಲಮಾರಿಯ ಹಿಂದೆ ಮಾತ್ರ ಬೇಡ.

ಎಲ್ಲಿ ಹಾಕಿದರೂ ಫೋನ್ ಹಿಡಿದು ನಡೆಯಿರಿ. ಸಿಗ್ನಲ್ ಅಳೆಯುವ ಆ್ಯಪ್‌ನಲ್ಲಿ ಸಂಖ್ಯೆ ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು; ಮೈನಸ್ 67 ಅಥವಾ ಮೈನಸ್ 60 ಬಂದರೆ ವಿಡಿಯೊ ಕಾಲಿಗೂ ಸಾಕು. ಮೈನಸ್ 80 ಅಂದರೆ ಜಾಗ ಬದಲಿಸಿ. ಮಿಲ್ಲಿನಲ್ಲಿ ಈ ಸಲ ಚೀಲಗಳ ನಡುವೆಯೇ ನಡೆದು ಅಳೆದೆ. ಗುಮಾಸ್ತರು ನಿಂತು ಲೆಕ್ಕ ಬರೆಯುವ ಜಾಗದಲ್ಲಿ ಮೈನಸ್ 84 ಇದ್ದದ್ದು ಮೈನಸ್ 63ಕ್ಕೆ ಬಂತು.